ಇಸ್ತ್ಮಸ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆ?

ಆಕ್ಲೆಂಡ್ (ಮೂಲ ತುಮಕೂರು): ಎಲ್ಲರಿಗೂ ನಮಸ್ಕಾರ. ಮಗಳ ಶಾಲೆಯಲ್ಲಿ ನೆಲ, ನೀರಿನ ಹೆಸರುಗಳನ್ನು ಮನೆಮಾತಿನಲ್ಲಿ ಬರೆದು ತರಲು ಹೇಳಿದ್ದಾರೆ. ಬೆಟ್ಟ, ನದಿ, ಕಣಿವೆ ಹೇಳಿಕೊಟ್ಟೆ. ಎಸ್ಚುವರಿ, ಸ್ಟ್ರೈಟ್, ಇಸ್ತ್ಮಸ್ ಬಂದಾಗ ಬಾಯಿ ಕಟ್ಟಿತು. ‘ಅಮ್ಮಾ, ಕನ್ನಡದಲ್ಲಿ ಇಷ್ಟೇ ಪದಗಳೇ?’ ಎಂದಳು. ರಾತ್ರಿಯೆಲ್ಲ ಅದೇ ಯೋಚನೆ. ಶುಕ್ರವಾರದೊಳಗೆ ಬೇಕು.

ಸಿಡ್ನಿ (ಮೂಲ ಮೈಸೂರು): ಮನೆಯಲ್ಲಿ ಕನ್ನಡ ಮಾತನಾಡಿದರೆ ಈ ಪ್ರಶ್ನೆಯೇ ಏಳುವುದಿಲ್ಲ ತಾಯಿ. ನನ್ನ ಮಗ ನಾಲ್ಕನೇ ವಯಸ್ಸಿಗೇ ವಚನಗಳನ್ನು ಬಾಯಿಪಾಠ ಹೇಳುತ್ತಿದ್ದ.

ಆಕ್ಲೆಂಡ್: ವಚನದಲ್ಲಿ ಇಸ್ತ್ಮಸ್ ಬರುತ್ತದೆಯೇ ಸರ್?

ವೆಲಿಂಗ್ಟನ್ (ಮೂಲ ಕುಮಟಾ): ಎಸ್ಚುವರಿ ಎಂದರೆ ಅಳಿವೆ. ಅಘನಾಶಿನಿ ತದಡಿಯ ಬಳಿ ಕಡಲು ಸೇರುವಲ್ಲಿ ಭರತದ (ಉಬ್ಬರದ) ಹೊತ್ತಿಗೆ ಉಪ್ಪುನೀರು ಹೊಳೆಯೊಳಗೆ ಏರುತ್ತದೆ. ಆ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ನಮ್ಮ ಗಜನಿ ಗದ್ದೆಯಲ್ಲಿ ಬಿತ್ತುತ್ತಿದ್ದೆವು. ಇಳಿತವಾದರೆ ಆಯಿ ಬಳಚು ಆರಿಸಲು ಬುಟ್ಟಿ ಹಿಡಿದು ಹೊರಡುತ್ತಿದ್ದಳು. ಈಗ ಗದ್ದೆ ಬೀಳು ಬಿದ್ದಿದೆ, ನಾನು ಊರಿಗೆ ಹೋಗಿ ಆರು ವರ್ಷವಾಯಿತು. ಹಾಂ, ಸ್ಟ್ರೈಟ್ ಎಂದರೆ ಜಲಸಂಧಿ, ಎರಡು ನೆಲಗಳ ನಡುವಿನ ಕಿರಿದಾದ ಕಡಲು. ಇಲ್ಲಿಯ ಕುಕ್ ಜಲಸಂಧಿಯನ್ನೇ ಉದಾಹರಣೆ ಕೊಡಿ.

ಮೆಲ್ಬರ್ನ್ (ಮೂಲ ಧಾರವಾಡ): ಜಲಸಂಧಿ ಕನ್ನಡವೇ? ಭೂಶಿರ, ಪ್ರಸ್ಥಭೂಮಿ, ಪರ್ಯಾಯ ದ್ವೀಪ ಎಲ್ಲವೂ ಪಠ್ಯಪುಸ್ತಕ ಹೆತ್ತ ಸಂಸ್ಕೃತ. ಹೊಳೆ, ಹಳ್ಳ, ತೊರೆ, ಗುಡ್ಡ, ದಿಬ್ಬ, ನಡುಗಡ್ಡೆ: ಇವು ನಮ್ಮವು. ಉಳಿದದ್ದನ್ನು ಇಂಗ್ಲಿಷಿನಲ್ಲೇ ಬಿಡಿ.

ಸಿಡ್ನಿ: ಹಾಗಾದರೆ ನದಿಯನ್ನೂ ಬಿಡುತ್ತೀರಾ?

ಮೆಲ್ಬರ್ನ್: ಬಿಡುತ್ತೇನೆ. ಹೊಳೆ ಇರುವಾಗ ನದಿ ಏಕೆ?

ಸಿಡ್ನಿ: ಕಾವೇರಿ ನದಿ ಎನ್ನುವುದು ತಪ್ಪೇ? ಇಂಥ ವಾದದಿಂದಲೇ ಮಕ್ಕಳು ಕನ್ನಡ ಬಿಡುತ್ತಿರುವುದು.

ದುಬೈ (ಮೂಲ ಉಡುಪಿ): ನಡುಗಡ್ಡೆಗೆ ನಾವು ಕುದ್ರು ಎನ್ನುತ್ತೇವೆ. ಅದನ್ನೂ ಸೇರಿಸಿ. ಡೆಲ್ಟಾ ಕೇಳಿದರೆ ಮುಖಜಭೂಮಿ, ಹೊಳೆ ತಂದ ಮೆಕ್ಕಲು ಕಡಲ ಬಾಯಲ್ಲಿ ಹರಡಿ ಆದ ನೆಲ. ಕಾವೇರಿಗೆ ತಂಜಾವೂರಿನ ಕಡೆ ಅದಿದೆ. ನಮ್ಮ ಕರಾವಳಿಯ ಹೊಳೆಗಳು ಘಟ್ಟ ಇಳಿದು ಸ್ವಲ್ಪ ದೂರಕ್ಕೇ ಕಡಲು ಸೇರುವುದರಿಂದ ಅವಕ್ಕೆ ಅಳಿವೆಯೇ ಹೆಚ್ಚು.

ಮೆಲ್ಬರ್ನ್: ಮುಖಜಭೂಮಿ! ಇದನ್ನು ಯಾವ ಅಜ್ಜಿ ಹೇಳಿದ್ದಾಳೆ?

ಆಕ್ಲೆಂಡ್: ಇಸ್ತ್ಮಸ್ ಇನ್ನೂ ಉಳಿದಿದೆ.

ವೆಲಿಂಗ್ಟನ್: ಭೂಸಂಧಿ, ಎರಡು ಕಡೆ ನೀರಿರುವ ಕಿರಿದಾದ ನೆಲ. ನಿಮ್ಮ ಊರು ನಿಂತಿರುವುದೇ ಅದರ ಮೇಲೆ! ಒಂದು ಕಡೆ ವೈಟೆಮಟಾ ಬಂದರು, ಇನ್ನೊಂದು ಕಡೆ ಮನುಕಾವ್ ಬಂದರು.

ಮೆಲ್ಬರ್ನ್: ಭೂಸಂಧಿಯೂ ಸಂಸ್ಕೃತವೇ.

ಆಕ್ಲೆಂಡ್: ಬರೆದಾಯಿತು, ಧನ್ಯವಾದ. ಬಳಚು ಎಂದರೇನು ಎಂದು ಮಗಳು ಕೇಳುತ್ತಿದ್ದಾಳೆ. ಕುಮಟಾದವರ ಹತ್ತಿರ ಚಿತ್ರವಿದ್ದರೆ ಹಾಕಿ.