ಎಲುಬೇ ಇಲ್ಲ, ಬರೀ ಕಲ್ಲು ನೋಡಿ ಮಾಡಿದವರು ನಮ್ಮಂಥ ಮನುಷ್ಯರೇ ಅಂತ ಹೇಗೆ ಹೇಳುತ್ತಾರೆ?

ಎರೆಹೊಲ (ರೋಣ):
ಮಲಪ್ರಭೆ ದಂಡೆಯ ಮಾವನ ಹೊಲದ ಬದುವಿನಲ್ಲಿ ಅಂಗೈಯಗಲದ ಬೆಣಚುಕಲ್ಲು ಸಿಕ್ಕಿತು. ಒಂದು ಕಡೆ ದಪ್ಪ, ಇನ್ನೊಂದು ಅಂಚು ಕುಡುಗೋಲಿನ ಹಾಗೆ ತೆಳ್ಳಗೆ. ಮಾವ ‘ಟ್ರ್ಯಾಕ್ಟರ್ ಬಡಿದು ಒಡದದ, ಒಗಿ ಅತ್ಲಾಗ’ ಅಂದರು, ನಾನು ಸುಮ್ನೆ ಕಿಸೆಗೆ ಹಾಕಿಕೊಂಡೆ. ಆಮೇಲೆ ಓದುತ್ತಾ ಕೂತರೆ ತಲೆ ಕೆಟ್ಟಿತು. ನಮ್ಮಂಥ ಮನುಷ್ಯರು ಭಾರತಕ್ಕೆ ಬಂದು 60 ಸಾವಿರ ವರ್ಷ ಅಂತ ಕೆಲವರು, 74 ಸಾವಿರಕ್ಕಿಂತ ಮೊದಲೇ ಅಂತ ಕೆಲವರು. ಇಬ್ಬರೂ ತೋರಿಸುವುದು ಕಲ್ಲನ್ನೇ!

ಸಾಧನಕೇರಿ:
ಮೊದಲು ನಿಮ್ಮ ಕಲ್ಲು ನೋಡಿ. ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇದೆಯಾ? ಅಲ್ಲಿಂದ ಕೆರೆಯ ಅಲೆ ತರ ಗೆರೆ ಹರಡಿವೆಯಾ? ಇದ್ದರೆ ಬೇಕಂತಲೇ ಹೊಡೆದು ತೆಗೆದ ಚಕ್ಕೆ ಇರಬಹುದು.
ಇನ್ನು 74 ಸಾವಿರದ ಕಥೆ. ಸುಮಾತ್ರಾದ ಟೋಬಾ ಜ್ವಾಲಾಮುಖಿ ಆಗ ಸಿಡಿದು ಅದರ ಬೂದಿ ಭಾರತದ ತನಕ ಬಂತು. ಕರ್ನೂಲ್ ಸೀಮೆಯ ಜ್ವಾಲಾಪುರಂನಲ್ಲಿ ಆ ಬೂದಿ ಆಳೆತ್ತರಕ್ಕಿಂತ ಜಾಸ್ತಿ ಇದೆ. ಅಲ್ಲಿ ಅಗೆದವರಲ್ಲಿ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಒಬ್ಬರು, ಜೊತೆಗೆ ಮೈಕಲ್ ಪೆಟ್ರಾಗ್ಲಿಯಾ. ಬೂದಿಯ ಕೆಳಗೂ ಮೇಲೂ ಹೆಚ್ಚುಕಡಿಮೆ ಒಂದೇ ತರದ ಹತ್ಯಾರ ಸಿಕ್ಕವು. ಆಫ್ರಿಕಾದಲ್ಲಿ ನಮ್ಮಂಥ ಮನುಷ್ಯರು ಮಾಡಿದವನ್ನು ಹೋಲುತ್ತವೆ, ಹಾಗಾಗಿ ಮಾಡಿದವರು ಅವರೇ ಇರಬೇಕು ಅಂತ 2007ರಲ್ಲಿ ಬರೆದರು.

ವರದಾ ದಂಡೆ (ಹಾವೇರಿ):
ಸರ್, ಬೂದಿ ಹೇಳುವುದು ಯಾವಾಗ ಅಂತ. ಯಾರು ಅಂತ ಅಲ್ಲವಲ್ಲ? ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂ ನೋಡಿ. ದೊಡ್ಡ ಕಲ್ಲನ್ನು ಸುತ್ತ ಕೆತ್ತಿ ಹದ ಮಾಡಿಕೊಂಡು, ಆಮೇಲೆ ಒಂದೇ ಪೆಟ್ಟಿಗೆ ಬೇಕಾದ ಆಕಾರದ ಚಕ್ಕೆ ಎಬ್ಬಿಸುವ ಕಸುಬು ಅಲ್ಲಿ ಸುಮಾರು 3,85,000 ವರ್ಷ ಹಿಂದೆಯೇ ಇತ್ತು. ನಮ್ಮಂಥ ಮನುಷ್ಯರ ಅತಿ ಹಳೆಯ ಎಲುಬು ಅಂತ ಹೇಳುವ ಮೊರಾಕ್ಕೋದ ಜೆಬೆಲ್ ಇರ್ಹೂದ್‌ನದ್ದೇ ಸುಮಾರು 3 ಲಕ್ಷ. ನಮಗಿಂತ ಬೇರೆ ಬಗೆಯ ಹಳೇ ಮನುಷ್ಯರಾದ ಯುರೋಪಿನ ನಿಯಾಂಡರ್ತಲರಿಗೂ ಈ ಕೈಚಳಕ ಗೊತ್ತಿತ್ತು. ರೊಟ್ಟಿ ನೋಡಿ ಬಡಿದ ಅಕ್ಕನ ಹೆಸರು ಹೇಳಿದ ಹಾಗಾಯಿತು.

ಸಾಧನಕೇರಿ:
ಒಪ್ಪಿದೆ ಮಾರಾಯರೇ. ‘ಇರಬೇಕು’ ಅನ್ನುವ ಪದ ಅದಕ್ಕೇ ಹಾಕಿದ್ದು. 60 ಸಾವಿರದವರಿಗೆ ವಂಶವಾಹಿ ಲೆಕ್ಕದ ಬಲ ಜಾಸ್ತಿ, ಅದೂ ನಿಜ. ಆದರೆ ಬೂದಿ ಬಿದ್ದ ಮೇಲೂ ಅಲ್ಲಿ ಜನ ಬದುಕಿದ್ದರು ಅನ್ನುವುದಕ್ಕೆ ಆ ಕಲ್ಲೇ ಸಾಕ್ಷಿ, ಅದನ್ನು ಬಿಟ್ಟುಕೊಡಲ್ಲ.

ಎರೆಹೊಲ:
ಉಬ್ಬು ಇದೆ! ಗೆರೆ ಮಾತ್ರ ಅನುಮಾನ. ಹಾಗಾದರೆ ಎಷ್ಟು ವರ್ಷದ್ದು?

ವರದಾ ದಂಡೆ:
ಯಾವ ಪದರದ್ದು ಅಂತ ಗೊತ್ತಿಲ್ಲದ ಮೇಲೆ ವಯಸ್ಸು ಯಾರೂ ಹೇಳಲ್ಲ ತಮ್ಮಾ. ಕಿಸೆಗೆ ಹಾಕುವ ಮೊದಲು ಬಿದ್ದಿದ್ದ ಜಾಗದ ಫೋಟೋ ತೆಗೆದೆಯಾ?

ಎರೆಹೊಲ:
ಇಲ್ಲ ಅಣ್ಣಾ. ಬದುವಿನ ಮೇಲೆ ಕೂತ ಮಾವನ ಫೋಟೋ ಇದೆ.