ಡಬಲ್ಸ್‌ಗೆ ಹೆಡ್-ಹೆವಿ ಶಟಲ್ ಬ್ಯಾಟ್: ಕೈ ತಡ, ಗಟ್ ಪದೇ ಪದೇ ಕಟ್. ಬದಲಿಗೆ ಯಾವುದು?

ಸಂಜೆ_ಡಬಲ್ಸ್ (ದಾವಣಗೆರೆ)

ಬ್ಯಾಟ್ 3ಯು (ತೂಕದ ವರ್ಗ), ಹೆಡ್-ಹೆವಿ (ತಲೆ ಕಡೆ ಭಾರ), ಶಾಫ್ಟ್ (ಹಿಡಿ-ತಲೆ ನಡುವಿನ ಕಡ್ಡಿ) ಎಕ್ಸ್‌ಟ್ರಾ ಸ್ಟಿಫ್, ಹಿಡಿ ಜಿ5 (ದಪ್ಪದ ಅಳತೆ). ಕಂಪನಿ ಗ್ರಿಪ್ ಮೇಲೆ ಎರಡು ಓವರ್‌ಗ್ರಿಪ್ ಸುತ್ತಿದೆ. ಗಟ್ (ಬ್ಯಾಟಿನ ತಂತಿ) 0.65 ಮಿ.ಮೀ. ದಪ್ಪ, ಟೆನ್ಷನ್ (ಬಿಗಿತ) 28 ಪೌಂಡ್. ಟೆನ್ಷನ್ ಜಾಸ್ತಿ ಇದ್ರೆ ಸ್ಮ್ಯಾಶ್ ಜೋರು ಅಂತ ಅಂಗಡಿಯಲ್ಲಿ ಹೇಳಿ ಹಾಕಿಕೊಟ್ರು. ಆಡೋದು ಡಬಲ್ಸ್ ಮಾತ್ರ, ಹೆಚ್ಚಾಗಿ ನೆಟ್ ಹತ್ರ.

ಮೈ ಮೇಲೆ ಬರೋ ಸ್ಮ್ಯಾಶ್‌ಗೆ ಬ್ಯಾಟ್ ಅಡ್ಡ ಹಿಡಿಯೋದ್ರಲ್ಲೇ ತಡ ಆಗುತ್ತೆ. ಹಿಂದಿನ ಗೆರೆಯಿಂದ ಟಾಸ್ (ಎತ್ತರಕ್ಕೆ ಹೊಡೆಯೋ ಉದ್ದನೆ ಏಟು) ಹೊಡೆದ್ರೆ ಎದುರಿನ ಕೋರ್ಟಿನ ನಡುವಲ್ಲೇ ಬೀಳುತ್ತೆ. ಗಟ್ ಯಾವಾಗ್ಲೂ ತಲೆಯ ಮೇಲ್ತುದಿಯಲ್ಲಿ, ಫ್ರೇಮಿನ ಪಕ್ಕದಲ್ಲೇ ಕಟ್ ಆಗುತ್ತೆ. ಆಡಿದ ಮೇಲೆ ಮೊಣಕೈ ಹೊರಗಡೆ ನೋವು. ಯಾವ ಬ್ಯಾಟ್ ತಗೊಳ್ಳಲಿ?

ಗಟ್ಟಿಂಗ್_ಮೇಜು

ಹೊಸ ಬ್ಯಾಟ್ ಮಾತು ಆಮೇಲೆ. ಗಟ್ ಎಲ್ಲಿ ಕಟ್ ಆಗುತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. ನಡುವಲ್ಲಿ ಅಡ್ಡ-ಉದ್ದ ಗಟ್ ಒಂದಕ್ಕೊಂದು ಉಜ್ಜಿ, ಗೀರು ಬಿದ್ದು ಕಟ್ ಆದ್ರೆ ಅದು ಸಹಜ ಸವೆತ. ಫ್ರೇಮಿನ ಪಕ್ಕದಲ್ಲಿ ಕಟ್ ಆದ್ರೆ ಶಟಲ್ ನಡುವಿಗೆ ತಾಗ್ತಾ ಇಲ್ಲ ಅಂತ ಅರ್ಥ. (ಒಂದೇ ತೂತಿನ ಹತ್ರ ಮತ್ತೆ ಮತ್ತೆ ಕಟ್ ಆಗ್ತಿದ್ರೆ ಅಲ್ಲಿನ ಗ್ರಾಮೆಟ್, ಅಂದ್ರೆ ತೂತಿನ ಪ್ಲಾಸ್ಟಿಕ್ ಕೊಳವೆ, ಒಡೆದಿದೆಯಾ ನೋಡಿ. ಫ್ರೇಮಿನ ಅಂಚೇ ಗಟ್ ಕುಯ್ಯುತ್ತೆ.)

28 ಪೌಂಡಿಗೆ ಸ್ವೀಟ್ ಸ್ಪಾಟ್ (ಏಟು ಸರಿಯಾಗಿ ಕೂರೋ ನಡು ಜಾಗ) ಕುಗ್ಗುತ್ತೆ. ಅದರ ಮೇಲೆ ಗಟ್ 0.65, ತೆಳು. ನಡು ತಪ್ಪಿದ ಏಟನ್ನ ಈ ಜೋಡಿ ತಡ್ಕೊಳ್ಳಲ್ಲ. ಟೆನ್ಷನ್ ಏರಿಸಿದ್ರೆ ಪವರ್ ಅನ್ನೋದು ತಲೆಕೆಳಗಾದ ಮಾತು: ಸಡಿಲ ಗಟ್ಟೇ ಶಟಲನ್ನ ಚಿಮ್ಮಿಸೋದು. ಬಿಗಿ ಗಟ್ ಕೊಡೋದು ಹಿಡಿತ, ಅದೂ ಕೈ ವೇಗ ಇದ್ದೋರಿಗೆ.

ಮೊದಲು ಹಿಡಿ ಮೇಲಿನ ಕೋನ್ ಅಥವಾ ಶಾಫ್ಟ್ ಮೇಲೆ ಎಷ್ಟು ಪೌಂಡ್ ತನಕ ಅಂತ ಅಚ್ಚಾಗಿದೆ ಓದಿ. ಆಮೇಲೆ 0.70 ಗಟ್ (ಯೋನೆಕ್ಸ್ ಬಿಜಿ 65 ಸಾಕು) 24 ಪೌಂಡಿಗೆ ಕಟ್ಟಿಸಿ. ಎರಡೂ ಓವರ್‌ಗ್ರಿಪ್ ಜೊತೆ ಕಂಪನಿ ಗ್ರಿಪ್ಪೂ ಕಿತ್ತು, ಮರದ ಮೇಲೆ ಒಂದು ಸುತ್ತು ತೆಳು ಅಂಡರ್‌ರ‍್ಯಾಪ್, ಅದರ ಮೇಲೆ ಒಂದೇ ಓವರ್‌ಗ್ರಿಪ್ ಸಾಕು. ಹಿಡಿ ದಪ್ಪ ಆದ್ರೆ ಫೋರ್‌ಹ್ಯಾಂಡಿಂದ ಬ್ಯಾಕ್‌ಹ್ಯಾಂಡಿಗೆ ಬೆರಳಲ್ಲಿ ಹೊರಳಿಸೋಕೆ ಆಗಲ್ಲ, ಇಡೀ ಮುಂಗೈ ತಿರುಗಿಸಬೇಕಾಗುತ್ತೆ. ಮೈ ಮೇಲಿನ ಸ್ಮ್ಯಾಶ್‌ಗೆ ತಡ ಆಗೋದು ಅಲ್ಲೇ.

ದುರ್ಗದ_ಡ್ರಾಪ್

ಗ್ರಿಪ್ ಯಾಕ್ ಕೀಳಿಸ್ತೀರಿ? ಒಂದು ಓವರ್‌ಗ್ರಿಪ್ ಸುಮಾರು 5 ಗ್ರಾಂ ಐತೆ. ಬುಡದಲ್ಲಿ ಅಷ್ಟು ಸೇರಿದ್ರೆ ಬ್ಯಾಲೆನ್ಸ್ ಪಾಯಿಂಟ್ (ಬೆರಳ ಮೇಲೆ ಬ್ಯಾಟ್ ಸಮ ನಿಲ್ಲೋ ಜಾಗ) 10 ಮಿ.ಮೀ. ಹಿಡಿ ಕಡೆ ಬರ್ತೈತೆ. ಹೆಡ್-ಹೆವಿ ಬ್ಯಾಟು ಪುಕ್ಕಟೆ ಈವನ್ (ಸಮತೂಕ) ಆಗ್ತೈತೆ.

ಗಟ್ಟಿಂಗ್_ಮೇಜು

ಬೆರಳ ಮೇಲಿಟ್ಟು ತೂಗಿದ್ರೆ ನೀವು ಹೇಳಿದ್ದು ನಿಜ. ಬೀಸಿದಾಗ ಲೆಕ್ಕ ಬೇರೆ. ಬ್ಯಾಟ್ ತಿರುಗೋದು ಮುಷ್ಟಿಯ ಸುತ್ತ. ಸೇರಿಸಿದ 5 ಗ್ರಾಂ ಮುಷ್ಟಿಯೊಳಗೇ ಇರುತ್ತೆ, ತಲೆಯಲ್ಲಿರೋ ತೂಕ ಹಾಗೇ ಉಳಿಯುತ್ತೆ. ತಲೆ ತಿರುಗಿಸೋಕೆ ಬೇಕಾದ ಜೋರು ಕಡಿಮೆ ಆಗಲ್ಲ, ಹಿಡಿ ಮಾತ್ರ ದಪ್ಪ ಆಗುತ್ತೆ. ಗ್ರಿಪ್ ಸುತ್ತಿ ಹೆಡ್-ಲೈಟ್ ಮಾಡೋದು ಸ್ಕೇಲಿಗೆ ಮಾಡೋ ಮೋಸ.

ದುರ್ಗದ_ಡ್ರಾಪ್

ಆಯ್ತು, ಒಪ್ಪಿದೆ. ಇನ್ನೊಂದು ವಿಷಯ ಬಿಟ್ಟುಹೋಯ್ತು ನೋಡಿ: ಶಟಲ್. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ದುರ್ಗ ಇನ್ನೂ ಎತ್ತರ. ಬೇಸಿಗೆ ಬಿಸಿಗಾಳಿ ತೆಳು, ಶಟಲ್ ಓಡ್ತೈತೆ. ಏಪ್ರಿಲ್-ಮೇನಲ್ಲಿ 76 ನಂಬರ್ ಶಟಲ್ (ನಂಬರ್ ಹೆಚ್ಚಿದಷ್ಟು ವೇಗ), ಡಿಸೆಂಬರ್-ಜನವರಿ ಚಳಿಗೆ 77 ಇಟ್ಕೊಳ್ಳಿ. ಪರೀಕ್ಷೆ ನಿಯಮದಲ್ಲೇ ಐತೆ: ಹಿಂದಿನ ಗೆರೆ ಮೇಲಿಂದ ಕೆಳಗೈ ಪೂರ್ತಿ ಬೀಸಿ ಹೊಡೆದ್ರೆ, ಎದುರಿನ ಹಿಂದಿನ ಗೆರೆಗಿಂತ 530ರಿಂದ 990 ಮಿ.ಮೀ. ಈಚೆಗೆ ಬೀಳಬೇಕು. 78 ಹಾಕಿ ಆಡ್ತಾ ಕೈ ತಡ ಅಂತ ಬ್ಯಾಟಿಗೆ ಬೈದ್ರೆ ಏನ್ ಬಂತು? ಒಣ ಹವೆಗೆ ಗರಿ ಪಟಪಟ ಮುರೀತವೆ, ಹಿಂದಿನ ರಾತ್ರಿ ಡಬ್ಬಿಗೆ ಸ್ವಲ್ಪ ಆವಿ ಹಿಡಿದು ಮುಚ್ಚಿಡಿ.

ಸಂಜೆ_ಡಬಲ್ಸ್ (ದಾವಣಗೆರೆ)

ನಮ್ಮ ಶಟಲ್ 77. ಕೋನ್ ಮೇಲೆ 27 ಪೌಂಡ್ ತನಕ ಅಂತಿದೆ. 24ಕ್ಕೆ ಕಟ್ಟಿಸಿ ಗ್ರಿಪ್ ತೆಳು ಮಾಡಿದ್ದಾಯ್ತು. ನಡುವಿಗೆ ತಾಗೋದು ಈಗ ಕೈಗೇ ಗೊತ್ತಾಗುತ್ತೆ. ಟಾಸ್ ಮಾತ್ರ ಇನ್ನೂ ಡಬಲ್ಸ್ ಸರ್ವಿಸ್‌ನ ಹಿಂದಿನ ಗೆರೆಗೆ ಮುಟ್ಟಲ್ಲ.

ಗಟ್ಟಿಂಗ್_ಮೇಜು

ಕಂಪನಿ ಹೇಳಿದ ಮಿತಿಗಿಂತ ಒಂದು ಪೌಂಡ್ ಮೇಲೆ ಆಡಿದ್ದೀರಿ. ತಲೆಯ ಸುತ್ತ, ಅದರಲ್ಲೂ ಗಡಿಯಾರದ 10 ಮತ್ತು 2ರ ಜಾಗದಲ್ಲಿ, ಬೆರಳುಗುರು ಎಳೆದು ಕೂದಲೆಳೆ ಬಿರುಕು ಇದೆಯಾ ನೋಡಿ. ಉಗುರು ತಡೆದ್ರೆ ಆ ಬ್ಯಾಟಿಗೆ ಮತ್ತೆ ಗಟ್ ಹಾಕಿಸಬೇಡಿ.

24ರಲ್ಲೂ ಟಾಸ್ ಆ ಗೆರೆಗೆ ಹೋಗಲ್ಲ ಅಂದ್ರೆ ಶಾಫ್ಟ್ ನಿಮ್ಮ ಕೈವೇಗಕ್ಕೆ ಬಾಗ್ತಿಲ್ಲ. ಈಗ ಹೊಸ ಬ್ಯಾಟ್ ಮಾತಾಡಬಹುದು. ನೆಟ್ ಹತ್ರದ ಡಬಲ್ಸ್‌ಗೆ 4ಯು (80-84 ಗ್ರಾಂ), ಶಾಫ್ಟ್ ಮೀಡಿಯಂ, ಬ್ಯಾಲೆನ್ಸ್ ಬುಡದಿಂದ 285-290 ಮಿ.ಮೀ. ಈ ಅಂಕಿ ಗಟ್ ಇಲ್ಲದ ಬ್ಯಾಟಿಂದು. ಗಟ್ ಕಟ್ಟಿದ ಮೇಲೆ 10 ಮಿ.ಮೀ.ಗೂ ಮೀರಿ ಮೇಲೇರುತ್ತೆ, ಹೋಲಿಸುವಾಗ ಎರಡೂ ಒಂದೇ ಸ್ಥಿತಿಯಲ್ಲಿರಲಿ. ಯೋನೆಕ್ಸ್‌ನಲ್ಲಿ ಆಸ್ಟ್ರಾಕ್ಸ್ ತಲೆಭಾರದ ಕಡೆ, ನ್ಯಾನೋಫ್ಲೇರ್ ತಲೆ ಹಗುರ, ಆರ್ಕ್‌ಸೇಬರ್ ನಡುವೆ. ಆದ್ರೆ ಸಾಲಿನ ಹೆಸರು ನೋಡಿ ದುಡ್ಡು ಕೊಡಬೇಡಿ. ನ್ಯಾನೋಫ್ಲೇರ್ 1000ಝಡ್ ತಲೆ ಹಗುರವೇ, ಶಾಫ್ಟ್ ಮಾತ್ರ ಎಕ್ಸ್‌ಟ್ರಾ ಸ್ಟಿಫ್. ಅದು ತಗೊಂಡ್ರೆ ಟಾಸ್ ಕಥೆ ಇದೇ ಇರುತ್ತೆ.

ಮೊಣಕೈ ನೋವು ವಿಶ್ರಾಂತಿ ಕೊಟ್ಟರೂ ಬಿಡದಿದ್ರೆ ಮೂಳೆ ಡಾಕ್ಟರಿಗೆ ತೋರಿಸಿ, ಅದಕ್ಕೆ ಬ್ಯಾಟ್ ಬದಲಿಸೋದೊಂದೇ ಮದ್ದಲ್ಲ.

ಸಂಜೆ_ಡಬಲ್ಸ್ (ದಾವಣಗೆರೆ)

ಬಿರುಕಿಲ್ಲ. ಹಳೇದನ್ನ ಸ್ಪೇರ್ ಇಟ್ಕೋತೀನಿ. ಆಟದ ಮಧ್ಯೆ ಗಟ್ ಕಟ್ ಆದ್ರೆ ಭಾನುವಾರದ ತನಕ ಹಾಗೇ ಇಡಬಹುದಾ?

ಗಟ್ಟಿಂಗ್_ಮೇಜು

ಇಡಬೇಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದ್ರೆ ತಲೆ ಸೊಟ್ಟಗಾಗುತ್ತೆ. ಬ್ಯಾಗಲ್ಲಿ ಕತ್ತರಿ ಇರಲಿ. ನಡುವಿಂದ ಶುರು ಮಾಡಿ ಒಂದು ಉದ್ದ, ಒಂದು ಅಡ್ಡ ಹೀಗೆ ಅಂಚಿನ ಕಡೆಗೆ ಪೂರ್ತಿ ಕತ್ತರಿಸಿಬಿಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬ್ಯಾಟ್ ಬಿಡಬೇಡಿ, ಗಟ್ ಬೇಗ ಸಡಿಲ ಬೀಳುತ್ತೆ.