ದೊಡ್ಡಪ್ಪ, ಆ ಒಂದು ಪಾಯಿಂಟಿನ ಕಥೆ ಕೇಳಿ

ದೊಡ್ಡಪ್ಪ, ನಮಸ್ಕಾರ. ನಿನ್ನೆ ಗ್ರೂಪಿಗೆ ಪುಟ್ಟನ ಫೋಟೊ ಹಾಕಿದ್ದೆನಲ್ಲ, ಕೆಂಪು ಜಾಕೆಟ್, ಎದೆ ಮೇಲೆ ‘ಚಾಂಪಿಯನ್ಸ್ 2023’ ಅಂತ. ಅದನ್ನು ನೋಡಿ ನೀವು ಕೇಳಿದಿರಿ, ಹೆಸರೇ ಕೇಳದ ಈ ಕಾರ್ಟ್‌ಲ್ಯಾಂಡ್ ಕಾಲೇಜು ಏನು ಗೆದ್ದಿತು, ಅದೂ ಒಂದೇ ಪಾಯಿಂಟಿನಲ್ಲಿ ಗೆದ್ದಿದ್ದಕ್ಕೆ ಇಷ್ಟು ಗಲಾಟೆ ಯಾಕೆ ಅಂತ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಮಾತಾಡಿಯೇ ಬಿಡುತ್ತೇನೆ. ಒಲೆ ಮೇಲೆ ಕುಕ್ಕರ್ ಇದೆ, ನಡುವೆ ಸೀಟಿ ಕೇಳಿಸಿದರೆ ಗಾಬರಿಯಾಗಬೇಡಿ.

ಗೆದ್ದಿದ್ದು ಫುಟ್ಬಾಲ್‌ನಲ್ಲಿ. ಆದರೆ ಇದು ನೀವು ಶಾಲೆಯಲ್ಲಿ ಆಡಿಸುತ್ತಿದ್ದ ಫುಟ್ಬಾಲ್ ಅಲ್ಲ, ಅಮೆರಿಕದ್ದು. ಚೆಂಡಿನ ಎರಡೂ ತುದಿ ಚೂಪು. ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಎದುರಿನವರು ಹಿಡಿದು ಕೆಡವುತ್ತಾರೆ. ನನ್ನ ಪ್ರಕಾರ ಹೆಲ್ಮೆಟ್ ಹಾಕಿಕೊಂಡ ಕಬಡ್ಡಿ.

ಕಾರ್ಟ್‌ಲ್ಯಾಂಡ್ ನಮ್ಮ ಇಥಾಕಾದಿಂದ ಅರ್ಧ ಗಂಟೆ ದಾರಿ. ನ್ಯೂಯಾರ್ಕ್ ರಾಜ್ಯದ ಸರ್ಕಾರಿ ಕಾಲೇಜು. ಪಿ.ಟಿ. ಮೇಷ್ಟ್ರುಗಳನ್ನು ತಯಾರು ಮಾಡುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರು. ಪುಟ್ಟ ಅಲ್ಲಿಗೆ ಸೇರಿದ್ದೇ ಅದಕ್ಕೆ, ನಿಮ್ಮ ದಾರಿ ಹಿಡಿದಿದ್ದಾನೆ. ಇದು ಡಿವಿಷನ್ 3 ಕಾಲೇಜು. ಅಂದರೆ ಆಟ ಚೆನ್ನಾಗಿ ಆಡುತ್ತಾನೆ ಅಂತ ಯಾರಿಗೂ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಟಿವಿಯಲ್ಲಿ ಬರುವ ದೊಡ್ಡ ಯೂನಿವರ್ಸಿಟಿಗಳ ಕಥೆಯೇ ಬೇರೆ.

ಇಲ್ಲಿ ಪಕ್ಕದ ಇಥಾಕಾ ಕಾಲೇಜಿಗೂ ಇವರಿಗೂ ಹಳೇ ಜಿದ್ದು. 1959ರಿಂದ ಗೆದ್ದವರಿಗೆ ಒಂದು ಹೂಜಿ. ನೋಡಿದರೆ ಉಪ್ಪಿನಕಾಯಿ ಭರಣಿಯ ತಮ್ಮನ ಹಾಗಿದೆ, ಆದರೆ ಅದಕ್ಕಾಗಿ 2022ರಲ್ಲಿ ನ್ಯೂಯಾರ್ಕ್ ಸಿಟಿಯ ಯಾಂಕೀ ಸ್ಟೇಡಿಯಂನಲ್ಲೇ ಮ್ಯಾಚ್ ಇಟ್ಟಿದ್ದರು. 40,000ಕ್ಕೂ ಜಾಸ್ತಿ ಜನ! ನಾವು ಇಥಾಕಾದಲ್ಲಿದ್ದುಕೊಂಡು ಕಾರ್ಟ್‌ಲ್ಯಾಂಡ್ ಗೆಲ್ಲಲಿ ಅಂತೀವಿ, ಪಕ್ಕದ ಮನೆಯವರಿಗೆ ಗೊತ್ತಾಗದ ಹಾಗೆ.

ಈಗ 2023ಕ್ಕೆ ಬರುತ್ತೇನೆ. ಆ ಸೀಸನ್ ಪೂರ್ತಿ 15 ಮ್ಯಾಚ್, ಸೋತಿದ್ದು ಒಂದೇ. ಪ್ಲೇಆಫ್ ಅಂದರೆ ಸೋತವರು ಮನೆಗೆ, ಐದೂ ಗೆಲ್ಲಬೇಕು. ಎರಡನೇ ಸುತ್ತಿನಲ್ಲೇ ಮುಗಿದುಹೋಗುತ್ತಿತ್ತು. ಗ್ರೋವ್ ಸಿಟಿ ಮೇಲೆ 25-24, ಅಲ್ಲೂ ಒಂದೇ ಪಾಯಿಂಟ್! ಆಮೇಲೆ ಆಲ್ಮಾ ಮೇಲೆ 58 ಹೊಡೆದರು, ಸೆಮಿಫೈನಲ್‌ನಲ್ಲಿ ರ‍್ಯಾಂಡಾಲ್ಫ್-ಮೇಕನ್ ಮೇಲೆ 49.

ಡಿವಿಷನ್ 3ರ ಫೈನಲ್ ಡಿಸೆಂಬರ್ 15, ವರ್ಜೀನಿಯಾದ ಸೇಲಂನಲ್ಲಿ. ಎದುರಿಗೆ ಇಲಿನಾಯ್ ರಾಜ್ಯದ ನಾರ್ತ್ ಸೆಂಟ್ರಲ್ ಕಾಲೇಜು. ಹಿಂದಿನ ವರ್ಷದ ಚಾಂಪಿಯನ್, ಸತತ 29 ಮ್ಯಾಚ್ ಗೆದ್ದು ಬಂದಿದ್ದವರು. ಕಾರ್ಟ್‌ಲ್ಯಾಂಡ್ ಅದುವರೆಗೆ ಒಮ್ಮೆಯೂ ಫುಟ್ಬಾಲ್ ಚಾಂಪಿಯನ್ ಆಗಿರಲಿಲ್ಲ. ನಮ್ಮ ಯಜಮಾನರು ಬೆಳಗ್ಗೆ ಆಫೀಸಿಗೆ ಹೋಗುವಾಗಲೇ ಹೇಳಿದ್ದರು, "ಆಸೆ ಇಟ್ಟುಕೊಳ್ಳಬೇಡ" ಅಂತ.

ರಾತ್ರಿ ನಾನು ನೆನೆಸಿದ ಅವರೆಕಾಳು ಹಿಚುಕುತ್ತಾ ಟಿವಿ ಮುಂದೆ ಕೂತಿದ್ದೆ. ಆಟದ ಕೊನೆಯ ಹೊತ್ತಿಗೆ ಕಾರ್ಟ್‌ಲ್ಯಾಂಡ್ 38, ನಾರ್ತ್ ಸೆಂಟ್ರಲ್ 31. ಒಂದೂವರೆ ನಿಮಿಷವೂ ಉಳಿದಿಲ್ಲ, ಅಷ್ಟರಲ್ಲಿ ಅವರು ಟಚ್‌ಡೌನ್ ಹೊಡೆದೇಬಿಟ್ಟರು. ಟಚ್‌ಡೌನ್ ಅಂದರೆ ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸುವುದು, ಅದಕ್ಕೆ ಆರು ಪಾಯಿಂಟ್, ಅಲ್ಲಿಗೆ 37. ದೊಡ್ಡಪ್ಪ, ಇಲ್ಲಿ ಸ್ವಲ್ಪ ಗಮನ ಕೊಡಿ. ಟಚ್‌ಡೌನ್ ಆದ ಮೇಲೆ ಒಂದು ಅವಕಾಶ ಇರುತ್ತದೆ. ಕಂಬಗಳ ನಡುವೆ ಒದ್ದರೆ ಒಂದು ಪಾಯಿಂಟ್, ಅದು ಸುಲಭ, ಸಾಮಾನ್ಯವಾಗಿ ತಪ್ಪುವುದಿಲ್ಲ. ಹಾಗೆ ಮಾಡಿದ್ದರೆ 38-38, ಹೆಚ್ಚುವರಿ ಸಮಯ. ಇಲ್ಲವಾದರೆ ಮೂರು ಗಜ ದೂರದಿಂದ ಚೆಂಡನ್ನು ಗೆರೆ ದಾಟಿಸಬೇಕು, ಎರಡು ಪಾಯಿಂಟ್. ನಿಮ್ಮ ಕಬಡ್ಡಿ ಲೆಕ್ಕದಲ್ಲಿ ಹೇಳುವುದಾದರೆ ನಡುಗೆರೆಯಿಂದ ಬಾಕ್ ಲೈನ್‌ವರೆಗೆ ಇರುವಷ್ಟೂ ದೂರ ಇಲ್ಲ. ಸಿಕ್ಕರೆ ಕಪ್ ಅವರದ್ದೇ.

ಅವರು ಎರಡಕ್ಕೇ ಹೋದರು.

ನನ್ನ ಬೆರಳ ಸಂದಿಯಲ್ಲಿ ಒಂದು ಕಾಳು ಹಾಗೇ ಉಳಿಯಿತು. ಇವರು ಸೋಫಾ ಹಿಂದೆ ಹೋಗಿ ನಿಂತರು. ಪುಟ್ಟ ಕಣ್ಣು ಮುಚ್ಚಿಕೊಂಡು "ಏನಾಯ್ತಮ್ಮಾ, ಏನಾಯ್ತು" ಅಂತ ಕೇಳುತ್ತಿದ್ದ. ಆಗಲಿಲ್ಲ! ಕಾರ್ಟ್‌ಲ್ಯಾಂಡ್ ಹುಡುಗರು ತಡೆದರು. 38-37. ನಾನು ಎದ್ದ ರಭಸಕ್ಕೆ ಬುಟ್ಟಿ ಮಗುಚಿ ಕಾಳೆಲ್ಲ ಕಾರ್ಪೆಟ್ ಮೇಲೆ. ವಾರದ ಮೇಲೂ ಸೋಫಾ ಕೆಳಗೆ ಒಂದೊಂದು ಸಿಗುತ್ತಿತ್ತು.

ಎಲ್ಲರೂ ಕಾರ್ಟ್‌ಲ್ಯಾಂಡ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಹುಡುಗ, ಜ್ಯಾಕ್ ಬಾಯ್ಸ್ ಬಗ್ಗೆ, ಕೋಚ್ ಫಿಟ್ಜ್‌ಪ್ಯಾಟ್ರಿಕ್ ಬಗ್ಗೆ ಮಾತಾಡುತ್ತಾರೆ. ಸರಿಯೇ. ಆದರೆ ನನಗೆ ಇವತ್ತಿಗೂ ತಲೆಯಲ್ಲಿ ಉಳಿದಿರುವುದು ಸೋತವರ ಆ ತೀರ್ಮಾನ. ಅದು ದುಡುಕು ಅಂತಾರೆ ನಮ್ಮ ಯಜಮಾನರು. ನಾನು ಒಪ್ಪುವುದಿಲ್ಲ. 29 ಮ್ಯಾಚ್ ಗೆದ್ದವರಿಗೆ ಮೂರು ಗಜ ದಾಟುತ್ತೇವೆ ಅನ್ನೋ ನಂಬಿಕೆ ಇರಬಾರದಾ? ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ತೀರಿಲ್ಲ. ನೀವು ಮೂವತ್ತು ವರ್ಷ ಮಕ್ಕಳನ್ನು ಆಡಿಸಿದವರು, ನೀವೇ ಹೇಳಿ. ಆ ಜಾಗದಲ್ಲಿ ನೀವಿದ್ದಿದ್ದರೆ ಒಂದಕ್ಕೆ ಒದೆಸುತ್ತಿದ್ದಿರಾ, ಎರಡಕ್ಕೆ ನುಗ್ಗಿಸುತ್ತಿದ್ದಿರಾ? ದೊಡ್ಡಮ್ಮನನ್ನೂ ಕೇಳಿ. ಅಯ್ಯೋ, ಮೂರನೇ ಸೀಟಿ ಆಯಿತು, ಇಡುತ್ತೇನೆ.